ಸ್ಯಾನ್, ನ್ಯಾಸ್, ಲೀಸ್ಡ್ ಲೈನ್, ಎಸ್‌ಡಿ-ವ್ಯಾನ್: ಕೊಟೇಶನ್ನಿನ ಪದ ಅರಿತು ಆರಿಸುವ ಬಗೆ

ಹುಬ್ಬಳ್ಳಿಯಲ್ಲಿ ಪ್ರಧಾನ ಕಚೇರಿಯೂ ಧಾರವಾಡ, ಗದಗ, ಹಾವೇರಿ, ರಾಣೆಬೆನ್ನೂರುಗಳಲ್ಲಿ ಶಾಖೆಗಳೂ ಇರುವ ಪತ್ತಿನ ಸಹಕಾರಿ ಸಂಘವೊಂದರ ಕಾರ್ಯದರ್ಶಿಯವರು ಈಚೆಗೆ ಸಂಘದ ದತ್ತಾಂಶವನ್ನು ಇಡುವ ಸರ್ವರಿಗೂ ಶಾಖೆಗಳನ್ನು ಅದಕ್ಕೆ ಜೋಡಿಸುವ ಲೈನಿಗೂ ತರಿಸಿದ ನಾಲ್ಕು ಕೊಟೇಶನ್‌ಗಳನ್ನು ಮೇಜಿನ ಮೇಲೆ ಹರವಿ, “ಸರ, ಸ್ಯಾನ್ ತಗೋಬೇಕೋ ನ್ಯಾಸ್ ತಗೋಬೇಕೋ, ಲೀಸ್ಡ್ ಲೈನ್ ಬೇಕೋ ಬ್ಯಾಡೋ, ಅಷ್ಟ ಹೇಳಿಬಿಡ್ರಿ, ನಾಳೆ ಕಮಿಟಿ ಮೀಟಿಂಗ್ ಐತಿ” ಎಂದರು. ನಾಲ್ಕೂ ಒಂದೇ ಕೆಲಸಕ್ಕೆ ಬರೆದ ಕೊಟೇಶನ್‌ಗಳಾಗಿದ್ದರೂ ಅತಿ ಕಡಿಮೆ ಮೊತ್ತಕ್ಕೂ ಅತಿ ಹೆಚ್ಚಿನ ಮೊತ್ತಕ್ಕೂ ಆರು ಪಟ್ಟು ಅಂತರವಿತ್ತು. ಬೆಲೆಯಲ್ಲಿ ಮೋಸವೇನೂ ಇರಲಿಲ್ಲ. ಒಬ್ಬರು ಸರ್ವರಿನೊಳಗೇ ಡಿಸ್ಕ್ ಕೂಡಿಸಿ, ಶಾಖೆಗಳಿಗೆ ಬ್ರಾಡ್‌ಬ್ಯಾಂಡ್ ಮೇಲೆ ವಿಪಿಎನ್ (ಸಾಮಾನ್ಯ ಇಂಟರ್ನೆಟ್ಟಿನೊಳಗೇ ಕಟ್ಟಿದ ಖಾಸಗಿ ದಾರಿ) ಹಾಕಿಕೊಡುವುದಾಗಿ ಬರೆದಿದ್ದರು. ಇನ್ನೊಬ್ಬರು ಎರಡು ಕಂಟ್ರೋಲರ್‌ಗಳ ಸ್ಯಾನ್, ಫೈಬರ್ ಚಾನೆಲ್ ಸ್ವಿಚ್, ಐದೂ ಕಡೆಗೆ ಎಂಪಿಎಲ್‌ಎಸ್ ಎಂದು ಬರೆದಿದ್ದರು. ಎರಡೂ ನಡೆಯುವ ಏರ್ಪಾಡುಗಳೇ. ಆದರೆ ಆ ಪದಗಳ ಹಿಂದೆ ಏನಿದೆ ಎಂದು ತಿಳಿಯದೆ ಯಾವುದು ತಮ್ಮ ಸಂಘಕ್ಕೆ ಹೊಂದುತ್ತದೆ ಎಂದು ಕಮಿಟಿಯವರು ಹೇಗೆ ತೀರ್ಮಾನಿಸಬೇಕು?

ಇದೇ ಪ್ರಶ್ನೆಯನ್ನು ಧಾರವಾಡದ ಆಸ್ಪತ್ರೆಯವರೂ ಗದಗಿನ ಕಾಲೇಜಿನವರೂ ಬ್ಯಾಡಗಿಯ ಮೆಣಸಿನಕಾಯಿ ದಲಾಲರೂ ನನ್ನನ್ನು ಕೇಳಿದ್ದಾರೆ. ಈ ಭಾಗದಲ್ಲಿ ಸರ್ವರ್ ಮತ್ತು ನೆಟ್‌ವರ್ಕ್ ಕೆಲಸ ಮಾಡಿಕೊಂಡು ಬಂದವನಾಗಿ, ಪ್ರತಿಯೊಂದು ಪದದ ಅರ್ಥವನ್ನೂ ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದರ ಜೊತೆಗೇ ಹೇಳಲು ಇಲ್ಲಿ ಪ್ರಯತ್ನಿಸಿದ್ದೇನೆ.

ಅಳತೆಗೋಲು ಮೊದಲು

ಸಂಗ್ರಹಣೆಯನ್ನೂ ಸಂಪರ್ಕವನ್ನೂ ಎರಡು ಬೇರೆ ಬೇರೆ ಖರೀದಿಗಳೆಂದು ನೋಡುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುತ್ತವೆ. ದತ್ತಾಂಶ ಎಲ್ಲಿ ಇರಬೇಕು ಎಂದು ನಿಶ್ಚಯವಾದರೆ ಎಂಥ ಲೈನು ಬೇಕು ಎಂಬುದೂ ಅರ್ಧ ನಿಶ್ಚಯವಾದಂತೆ. ಹುಬ್ಬಳ್ಳಿಯಲ್ಲಿ ಸರ್ವರ್ ಇಟ್ಟು ಹಾವೇರಿಯಿಂದ ಅದನ್ನು ಬಳಸುವುದಾದರೆ, ಸರ್ವರ್ ಎಷ್ಟೇ ಗಟ್ಟಿಯಾಗಿದ್ದರೂ ಲೈನು ಹೋದ ಹೊತ್ತಿನಲ್ಲಿ ಹಾವೇರಿಯ ಕೌಂಟರಿಗೆ ಅದು ಇಲ್ಲದಂತೆಯೇ.

ಆದ್ದರಿಂದ ಮೊದಲು ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಒಂದನ್ನು ಆರ್‌ಪಿಒ ಎನ್ನುತ್ತಾರೆ: ಯಂತ್ರ ಕೆಟ್ಟಾಗ ಎಷ್ಟು ಹೊತ್ತಿನ ನಮೂದುಗಳು ಅಳಿಸಿಹೋದರೂ ನಾವು ಅವನ್ನು ಮತ್ತೆ ತುಂಬಿಕೊಳ್ಳಬಲ್ಲೆವು ಎಂಬ ಲೆಕ್ಕ. ಇನ್ನೊಂದು ಆರ್‌ಟಿಒ, ವಾಹನ ನೋಂದಣಿಯ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ. ಕೆಲಸ ನಿಂತ ಮೇಲೆ ಎಷ್ಟು ಗಂಟೆಯೊಳಗೆ ಮತ್ತೆ ಶುರುವಾಗಲೇಬೇಕು ಎಂಬುದು ಅದರ ಅರ್ಥ. ಸಹಕಾರಿ ಸಂಘದಲ್ಲಿ ಚಲನ್ನು, ವೋಚರುಗಳು ಕಾಗದದ ಮೇಲೆ ಇರುವುದರಿಂದ ಅರ್ಧ ದಿನದ ಕಿರ್ದಿಯನ್ನು ಮತ್ತೆ ಹೊಡೆಯಬಹುದು. ಪಿಗ್ಮಿ ಏಜೆಂಟರ ಯಂತ್ರದಲ್ಲಿಯೂ ಅಂದಿನ ವಸೂಲಿಯ ದಾಖಲೆ ಇರುತ್ತದೆ. ಆಸ್ಪತ್ರೆಯ ತೀವ್ರ ನಿಗಾ ಘಟಕದ ದಾಖಲೆಯನ್ನು ಹಾಗೆ ಮತ್ತೆ ಹುಟ್ಟಿಸಲು ಬರುವುದಿಲ್ಲ. ಈ ಎರಡು ಸಂಖ್ಯೆಗಳನ್ನು ಹೇಳಬೇಕಾದವರು ಮಾರಾಟಗಾರರಲ್ಲ, ಸಂಸ್ಥೆಯನ್ನು ನಡೆಸುವವರು. ಇವಿಲ್ಲದೆ ಕೊಟೇಶನ್ ತರಿಸಿದರೆ ಪ್ರತಿಯೊಬ್ಬರೂ ತಮಗೆ ತೋಚಿದ ಸಂಖ್ಯೆಯನ್ನು ಹಿಡಿದು ಬೆಲೆ ಬರೆಯುತ್ತಾರೆ, ಆರು ಪಟ್ಟಿನ ಅಂತರ ಬರುವುದು ಅಲ್ಲಿಂದಲೇ.

ಇವುಗಳ ಜೊತೆಗೆ ಒಂದೇ ದತ್ತಾಂಶವನ್ನು ಏಕಕಾಲಕ್ಕೆ ಎಷ್ಟು ಸರ್ವರ್‌ಗಳು ಬಳಸುತ್ತವೆ, ಐದು ವರ್ಷಕ್ಕೆ ಅದು ಎಷ್ಟು ಬೆಳೆಯುತ್ತದೆ, ಕೆಟ್ಟಾಗ ರಿಪೇರಿಗೆ ಯಾರು ಎಲ್ಲಿಂದ ಬರಬೇಕು ಎಂಬುದನ್ನೂ ಬರೆದುಕೊಳ್ಳಬೇಕು. ಕಾನೂನನ್ನೂ ಮರೆಯುವಂತಿಲ್ಲ. ಕಂಪನಿಯಾಗಿ ನೋಂದಣಿಯಾದ ಸಂಸ್ಥೆಗಳು ತಮ್ಮ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಗಿದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು, ಅಂದರೆ ಯಾವಾಗ ಏನು ನಡೆಯಿತೆಂದು ಯಂತ್ರ ತಾನಾಗಿಯೇ ಬರೆದುಕೊಳ್ಳುವ ದಾಖಲೆಗಳನ್ನು, 180 ದಿನ ಕಾಯ್ದಿಡಬೇಕು. ಲಾಗ್‌ಗಳಿಗೂ ಜಾಗ ಬೇಕಾಗುತ್ತದೆ ಎಂಬುದು ಅನೇಕ ಕೊಟೇಶನ್‌ಗಳ ಲೆಕ್ಕದಲ್ಲಿ ಬಂದೇ ಇರುವುದಿಲ್ಲ.

ಡಿಸ್ಕ್ ಮತ್ತು ರೇಡ್

ಡಿಸ್ಕ್‌ಗಳನ್ನು ಗುಂಪು ಕಟ್ಟಿ ಒಂದು ಕೆಟ್ಟರೂ ಕೆಲಸ ನಡೆಯುವಂತೆ ಮಾಡುವ ಏರ್ಪಾಡಿಗೆ ರೇಡ್ ಎಂದು ಹೆಸರು. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಈ ವಿಚಾರವನ್ನು ಮಂಡಿಸಿದಾಗ, ಒಂದೇ ದೊಡ್ಡ ದುಬಾರಿ ಡಿಸ್ಕಿನ ಬದಲಿಗೆ ಹಲವು ಅಗ್ಗದ ಡಿಸ್ಕ್‌ಗಳನ್ನು ಕೂಡಿಸಿ ಕೆಲಸ ಮಾಡಿಸಬಹುದು ಎಂಬುದೇ ಅದರ ತಿರುಳಾಗಿತ್ತು. ಸಣ್ಣ ಬಜೆಟ್ಟಿನ ಸಂಸ್ಥೆಗಳಿಗೆ ಅದು ಇಂದಿಗೂ ಒಳ್ಳೆಯ ವಿಚಾರವೇ.

4 ಟಿಬಿಯ ನಾಲ್ಕು ಡಿಸ್ಕ್‌ಗಳಿವೆ ಎಂದುಕೊಳ್ಳೋಣ. ರೇಡ್ 5ರಲ್ಲಿ 12 ಟಿಬಿ ಬಳಕೆಗೆ ಸಿಗುತ್ತದೆ, ಒಂದು ಡಿಸ್ಕ್ ಕೆಟ್ಟರೆ ತಡೆದುಕೊಳ್ಳುತ್ತದೆ. ರೇಡ್ 6ರಲ್ಲಿ 8 ಟಿಬಿ ಸಿಗುತ್ತದೆ, ಯಾವುದೇ ಎರಡು ಕೆಟ್ಟರೂ ನಡೆಯುತ್ತದೆ. ರೇಡ್ 10ರಲ್ಲಿಯೂ 8 ಟಿಬಿ ಸಿಗುತ್ತದೆ; ಅದು ಎರಡು ಜೋಡಿಗಳ ಏರ್ಪಾಡಾದ್ದರಿಂದ ಪ್ರತಿ ಜೋಡಿಯಲ್ಲಿ ಒಂದು ಕೆಟ್ಟರೂ ನಡೆಯುತ್ತದೆ, ಒಂದೇ ಜೋಡಿಯ ಎರಡೂ ಹೋದರೆ ಇಲ್ಲ. ಹೆಚ್ಚು ಜಾಗ ಸಿಗುವುದೆಂದು ಎಲ್ಲರೂ ರೇಡ್ 5ಕ್ಕೆ ಕೈಹಾಕುತ್ತಾರೆ, ಆದರೆ ಬರವಣಿಗೆಯ ವೇಗವನ್ನು ಯಾರೂ ಕೇಳುವುದಿಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ಸಾಮಾನ್ಯ ಡಿಸ್ಕ್ ಒಂದು ಸೆಕೆಂಡಿಗೆ ಸುಮಾರು 80 ಬಿಡಿ ಓದು-ಬರಹಗಳನ್ನು ಮಾಡಬಲ್ಲದು. ಕೊಟೇಶನ್ನಿನಲ್ಲಿ ಐಆಪ್ಸ್ ಎಂದು ಬರೆದಿರುವುದು ಇದನ್ನೇ. ನಾಲ್ಕು ಡಿಸ್ಕ್‌ಗಳದು ಸೇರಿ 320 ಆಯಿತು. ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ನಾಲ್ಕು ಕೆಲಸಗಳು ಬೀಳುವುದರಿಂದ 80 ಉಳಿಯುತ್ತದೆ, ರೇಡ್ 6ರಲ್ಲಿ ಆರು ಕೆಲಸಗಳಾದ್ದರಿಂದ ಐವತ್ತರ ಆಸುಪಾಸು, ರೇಡ್ 10ರಲ್ಲಿ ಎರಡೇ ಆದ್ದರಿಂದ 160. ಕೌಂಟರಿನಲ್ಲಿ ರಸೀದಿ ಬರುವುದು ತಡವಾಗುತ್ತಿದೆ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ. ಲೆಕ್ಕದ ಡೇಟಾಬೇಸಿಗೆ ರೇಡ್ 10, ಕಡತ ಮತ್ತು ಬ್ಯಾಕಪ್ಪಿಗೆ ರೇಡ್ 6 ಎಂಬುದು ನನ್ನ ನಿಲುವು. ದತ್ತಾಂಶ ಒಂದೆರಡು ಟಿಬಿಯೊಳಗಿದ್ದರೆ ಡೇಟಾಬೇಸಿಗೆ ಎರಡು ಎಸ್‌ಎಸ್‌ಡಿಗಳ (ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕ್‌ಗಳ) ಜೋಡಿ, ಅಂದರೆ ಒಂದರ ನಕಲು ಇನ್ನೊಂದರಲ್ಲಿರುವ ರೇಡ್ 1, ಇನ್ನೂ ಮೇಲು. ಎಸ್‌ಎಸ್‌ಡಿಯಲ್ಲಿ ಐಆಪ್ಸ್ ಸಾವಿರಗಳ ಲೆಕ್ಕದಲ್ಲಿ ಇರುತ್ತದೆ.

ಬ್ಯಾಡಗಿಯ ವ್ಯಾಪಾರ ಸಂಸ್ಥೆಯೊಂದರಲ್ಲಿ ನೋಡಿದ್ದನ್ನು ಇಲ್ಲಿ ಹೇಳಬೇಕು. ಸರ್ವರನ್ನು ಗೋದಾಮಿನ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರು. ಮುಚ್ಚಳ ತೆಗೆದಾಗ ಫ್ಯಾನಿನ ಎಲೆಗಳ ಮೇಲೆ ಇಟ್ಟಿಗೆ ಬಣ್ಣದ ಮೆಣಸಿನಕಾಯಿ ಧೂಳು ಹೆಪ್ಪುಗಟ್ಟಿತ್ತು, ಕಣ್ಣು ಉರಿದು ನಾನೂ ಅಲ್ಲಿನ ಗುಮಾಸ್ತ ಹುಡುಗನೂ ಹೊರಗೆ ಬರಬೇಕಾಯಿತು. ಮುಂಭಾಗದ ನಾಲ್ಕು ದೀಪಗಳಲ್ಲಿ ಮೂರು ಹಸಿರು, ಒಂದು ಹಳದಿ. ಕೇಳಿದರೆ ಗುಮಾಸ್ತ ಹುಡುಗ, “ಅದು ದೀಪಾವಳಿಯಿಂದ ಹಂಗ ಐತ್ರಿ ಸರ, ನಡದೈತಲ್ಲಾ ಅಂತ ಬಿಟ್ಟೀವಿ” ಎಂದ. ಆಗ ಮಾರ್ಚ್ ತಿಂಗಳು. ಎಚ್ಚರಿಕೆಯ ಇಮೇಲ್ ಹೋಗುತ್ತಿದ್ದ ವಿಳಾಸ ಕೆಲಸ ಬಿಟ್ಟು ಹೋದವರದು. ಹೊಸ ಡಿಸ್ಕ್ ಹಾಕಿ ಮರುಜೋಡಣೆ (ಉಳಿದ ಡಿಸ್ಕ್‌ಗಳಿಂದ ಅದನ್ನು ತುಂಬುವ ಕೆಲಸ) ಶುರು ಮಾಡಿದ ಹನ್ನೊಂದನೆಯ ಗಂಟೆಗೆ ಎರಡನೆಯ ಡಿಸ್ಕೂ ನಿಂತಿತು. ಹದಿನಾಲ್ಕು ದಿನ ಹಳೆಯ ಬ್ಯಾಕಪ್ ಸಿಕ್ಕಿದ್ದೇ ಪುಣ್ಯ. ನಡುವಿನ ಕಿರ್ದಿ, ಖತಾವಣಿಗಳನ್ನು ಮೂವರು ಕೂತು ಚೀಟಿಗಳಿಂದ ಮತ್ತೆ ಬರೆದರು.

ಮರುಜೋಡಣೆಯ ಹೊತ್ತಿನಲ್ಲಿ ಎರಡನೆಯ ಡಿಸ್ಕ್ ಹೋಗುವುದು ಅಪರೂಪದ ಸಂಗತಿಯಲ್ಲ. 8 ಟಿಬಿಯ ಡಿಸ್ಕನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ತುಂಬಿದರೂ ಹದಿನೈದು ಗಂಟೆ ಹಿಡಿಯುತ್ತದೆ, ಕಚೇರಿಯ ಕೆಲಸ ನಡೆಯುತ್ತಿದ್ದರೆ ಎರಡು ದಿನವೂ ಆದೀತು. ಅಷ್ಟು ಹೊತ್ತೂ ಒಂದೇ ವಯಸ್ಸಿನ ಉಳಿದ ಡಿಸ್ಕ್‌ಗಳು ಪೂರ್ತಿ ದುಡಿಯುತ್ತಿರುತ್ತವೆ. ಹಾಟ್ ಸ್ಪೇರ್ ಎಂದು ಬರೆದಿರುವ, ಒಂದು ಕೆಟ್ಟ ಕೂಡಲೇ ತಾನಾಗಿ ಅದರ ಜಾಗಕ್ಕೆ ಬರುವ ಹೆಚ್ಚುವರಿ ಡಿಸ್ಕಿಗೆ ಕೊಡುವ ಹಣ ಆ ಕಾರಣಕ್ಕೆ ಸಾರ್ಥಕ. ರೇಡ್ ಎಂಬುದು ಬ್ಯಾಕಪ್ ಅಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ತಪ್ಪಾಗಿ ಅಳಿಸಿದ್ದನ್ನಾಗಲಿ, ಹಣ ಕೀಳಲು ಕಡತಗಳನ್ನು ಒತ್ತೆಯಿಡುವ ರ್‍ಯಾನ್ಸಮ್‌ವೇರ್ ಬೀಗ ಹಾಕಿದ್ದನ್ನಾಗಲಿ ರೇಡ್ ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕ್‌ಗಳಿಗೂ ಬರೆಯುತ್ತದೆ.

ಡ್ಯಾಸ್, ನ್ಯಾಸ್, ಸ್ಯಾನ್

ಡ್ಯಾಸ್ ಎಂದರೆ ಸರ್ವರಿಗೇ ನೇರವಾಗಿ ಜೋಡಿಸಿದ ಡಿಸ್ಕ್‌ಗಳು, ಗುಮಾಸ್ತರ ಮೇಜಿನ ಖಾನೆಯಿದ್ದಂತೆ. ಕೈಗೆ ಹತ್ತಿರ, ವೇಗ ಹೆಚ್ಚು, ಬೆಲೆ ಕಡಿಮೆ; ಆದರೆ ಮೇಜು ಮುರಿದರೆ ಖಾನೆಯೂ ಸಿಗುವುದಿಲ್ಲ. ನ್ಯಾಸ್ ಎಂದರೆ ದಫ್ತರಿನ ಕೋಣೆ. ಅಲ್ಲಿ ಕೂತವನಿಗೆ ಕಡತದ ಹೆಸರು ಹೇಳಿದರೆ ಕಡತ ಕೊಡುತ್ತಾನೆ, ಯಾರಿಗೆ ಯಾವುದು ಕೊಡಬೇಕೆಂಬ ಪಟ್ಟಿಯೂ ಅವನ ಬಳಿಯೇ ಇರುತ್ತದೆ. ವಿಂಡೋಸ್ ಯಂತ್ರಗಳು ಎಸ್‌ಎಂಬಿ ಎಂಬ ಭಾಷೆಯಲ್ಲೂ ಲಿನಕ್ಸ್ ಯಂತ್ರಗಳು ಸಾಮಾನ್ಯವಾಗಿ ಎನ್‌ಎಫ್‌ಎಸ್ ಎಂಬ ಭಾಷೆಯಲ್ಲೂ ಅವನನ್ನು ಕೇಳುತ್ತವೆ. ಸ್ಯಾನ್ ಇವೆರಡಕ್ಕಿಂತ ಬೇರೆ. ಅದು ಕಡತವನ್ನು ಅರಿಯದು. ದೊಡ್ಡ ಉಗ್ರಾಣದಲ್ಲಿ ಖಾಲಿ ಜಾಗವನ್ನು ಗುರುತು ಹಾಕಿ ಕೀಲಿ ಕೊಡುತ್ತದೆ, ಒಳಗೆ ಹೇಗೆ ಜೋಡಿಸಿಕೊಳ್ಳಬೇಕೆಂಬುದು ಸರ್ವರಿಗೆ ಬಿಟ್ಟದ್ದು. ಹಾಗೆ ಗುರುತು ಹಾಕಿದ ಒಂದೊಂದು ಜಾಗಕ್ಕೆ ಲನ್ ಎನ್ನುತ್ತಾರೆ. ಸರ್ವರಿಗೆ ಅದು ತನ್ನ ಸ್ವಂತ ಡಿಸ್ಕಿನಂತೆಯೇ ಕಾಣುತ್ತದೆ.

ಸ್ಯಾನ್‌ಗೆ ಹೋಗುವ ದಾರಿ ಎರಡು ಬಗೆಯದು. ಫೈಬರ್ ಚಾನೆಲ್ ಎಂಬುದಕ್ಕೆ ಬೇರೆಯದೇ ಸ್ವಿಚ್, ಪ್ರತಿ ಸರ್ವರಿಗೂ ಬೇರೆಯದೇ ಕಾರ್ಡ್ ಬೇಕು; ಅದು 16, 32 ಗಿಗಾಬಿಟ್‌ಗಳಂಥ ವೇಗದಲ್ಲಿ ಓಡುತ್ತದೆ, ಅದನ್ನು ಬಲ್ಲ ಎಂಜಿನಿಯರುಗಳು ನಮ್ಮ ಕಡೆ ಬೆರಳೆಣಿಕೆಯಷ್ಟು. 2004ರಲ್ಲಿ ಮಾನಕವಾದ ಐಸ್ಕಜಿ ಅದೇ ಕೆಲಸವನ್ನು ಸಾಮಾನ್ಯ ಈಥರ್ನೆಟ್ ಮೇಲೆ ಮಾಡುತ್ತದೆ. 10 ಗಿಗಾಬಿಟ್ ಸ್ವಿಚ್ ಇದ್ದು, ಅದರ ದಾರಿಯನ್ನು ಕಚೇರಿಯ ಇತರ ಸಂಚಾರದಿಂದ ಬೇರ್ಪಡಿಸಿದರೆ ನಮ್ಮ ಜಿಲ್ಲೆಗಳ ಬಹುಪಾಲು ಸಂಸ್ಥೆಗಳಿಗೆ ಐಸ್ಕಜಿ ಸಾಕು. ಫೈಬರ್ ಚಾನೆಲ್ ಬೇಕೆಂದು ಹೇಳುವವರನ್ನು ಅದು ಐಸ್ಕಜಿಯಲ್ಲಿ ಏಕೆ ಆಗುವುದಿಲ್ಲ ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ.

ಸ್ಯಾನ್ ಯಾವಾಗ ಬೇಕು? ಮೂರು ಅಥವಾ ಹೆಚ್ಚು ಸರ್ವರ್‌ಗಳ ಮೇಲೆ ಹತ್ತಾರು ವರ್ಚುವಲ್ ಯಂತ್ರಗಳು (ಸರ್ವರಿನೊಳಗೆ ತಂತ್ರಾಂಶದಿಂದ ಕಟ್ಟಿದ ಬೇರೆ ಬೇರೆ ಕಂಪ್ಯೂಟರುಗಳು) ಓಡುತ್ತಿದ್ದು, ಒಂದು ಸರ್ವರ್ ನಿಂತರೆ ಅದರ ಯಂತ್ರಗಳು ನಿಮಿಷಗಳಲ್ಲಿ ಪಕ್ಕದ ಸರ್ವರಿನಲ್ಲಿ ಏಳಬೇಕು ಎಂದಾದಾಗ. ಆಗ ಎಲ್ಲ ಸರ್ವರ್‌ಗಳಿಗೂ ಒಂದೇ ಸಂಗ್ರಹ ಕಾಣುತ್ತಿರಬೇಕು. ಒಂದೆರಡು ಸರ್ವರ್ ಇರುವ ಸಂಘಕ್ಕೆ ಸ್ಯಾನ್ ತರುವುದರಿಂದ ಕೆಡಬಹುದಾದ ವಸ್ತುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಭದ್ರತೆ ಹೆಚ್ಚುವುದಿಲ್ಲ. ಅದರಲ್ಲೂ ಬೆಲೆ ಇಳಿಸಲು ಒಂದೇ ಕಂಟ್ರೋಲರ್ (ಡಿಸ್ಕ್‌ಗಳನ್ನು ನಡೆಸುವ ಭಾಗ) ಇರುವ ಸ್ಯಾನ್ ಕೊಡುವವರಿದ್ದಾರೆ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಆ ಒಂದು ಕಂಟ್ರೋಲರ್ ನಿಂತರೆ ಎಲ್ಲ ಸರ್ವರ್‌ಗಳೂ ಒಟ್ಟಿಗೇ ನಿಲ್ಲುತ್ತವೆ. ಡ್ಯಾಸ್ ಆಗಿದ್ದರೆ ಒಂದಾದರೂ ಉಳಿಯುತ್ತಿತ್ತು.

ನ್ಯಾಸ್ ಕಡತಗಳಿಗೆ ಹೇಳಿ ಮಾಡಿಸಿದ್ದು: ಆಸ್ಪತ್ರೆಯ ಎಕ್ಸ್-ರೇ, ಸಿಟಿ ಚಿತ್ರಗಳು, ಕಾಲೇಜಿನ ಪಾಠದ ವಿಡಿಯೊಗಳು, ಸಾಲದ ಅರ್ಜಿಗಳ ಸ್ಕ್ಯಾನ್ ಪ್ರತಿಗಳು. ಹಣ ಉಳಿಸಲು ಲೆಕ್ಕದ ಡೇಟಾಬೇಸನ್ನೇ ಅಗ್ಗದ ನ್ಯಾಸ್‌ನ ಹಂಚಿಕೆಯ ಫೋಲ್ಡರಿನಲ್ಲಿ ಇಟ್ಟವರನ್ನು ನಾನು ಕಂಡಿದ್ದೇನೆ, ಒಂದು ಕ್ಷಣ ನೆಟ್‌ವರ್ಕ್ ತಪ್ಪಿದರೂ ಡೇಟಾಬೇಸ್ ಕೆಡುವ ಅಪಾಯ ಅಲ್ಲಿದೆ. ಸಿಸಿಟಿವಿಯನ್ನು ಈ ಲೆಕ್ಕದಿಂದ ಹೊರಗಿಡಿ. ಸೆಕೆಂಡಿಗೆ 4 ಮೆಗಾಬಿಟ್ ಬರೆಯುವ ಎಂಟು ಕ್ಯಾಮೆರಾಗಳು ಮೂವತ್ತು ದಿನಕ್ಕೆ ಹತ್ತು ಟಿಬಿಗೂ ಹೆಚ್ಚು ತುಂಬುತ್ತವೆ. ಅದಕ್ಕೆ ಶಾಖೆಯಲ್ಲೇ ಬೇರೆ ರೆಕಾರ್ಡರ್ ಇರಲಿ.

ಯಾವುದನ್ನೇ ತೆಗೆದುಕೊಂಡರೂ ವಾರಂಟಿಯ ಸಾಲನ್ನು ಎರಡು ಸಲ ಓದಬೇಕು. ನಾಲ್ಕು ಗಂಟೆಯಲ್ಲಿ ಸೇವೆ ಎಂದು ಬರೆದಿದ್ದರೆ ಆ ಮಾತು ಹಿರೇಕೆರೂರು, ಮುಂಡರಗಿಯ ಪಿನ್ ಕೋಡಿಗೂ ಅನ್ವಯಿಸುತ್ತದೆಯೇ, ನಾಲ್ಕು ಗಂಟೆಯಲ್ಲಿ ಬರುವುದು ಬಿಡಿಭಾಗವೋ ಫೋನ್ ಕರೆಯೋ ಎಂದು ಕೇಳಿ. ಅದಿಲ್ಲವೆಂದಾದರೆ ಅದೇ ಮಾದರಿಯ ಒಂದು ಡಿಸ್ಕ್ ಮತ್ತು ಒಂದು ಪವರ್ ಸಪ್ಲೈಯನ್ನು ಖರೀದಿಯ ದಿನವೇ ತೆಗೆದು ಬೀರುವಿನಲ್ಲಿ ಇಡುವುದು ಅಗ್ಗದ ವಿಮೆ.

ಕ್ಲೌಡ್ ಎಲ್ಲಿ ಕೂಡುತ್ತದೆ

ಕ್ಲೌಡ್ ಎಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಬೇರೆಯವರ ಸರ್ವರ್ ಮತ್ತು ಸಂಗ್ರಹ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ದೊಡ್ಡ ಕ್ಲೌಡ್ ಸಂಸ್ಥೆಗಳ ಡೇಟಾ ಸೆಂಟರ್‌ಗಳು ಇರುವುದರಿಂದ ದತ್ತಾಂಶ ದೇಶದೊಳಗೇ ಉಳಿಯುವುದಕ್ಕೆ ತೊಂದರೆಯಿಲ್ಲ. ಬಾಡಿಗೆಯಾದ್ದರಿಂದ ಮೊದಲ ದಿನದ ಬಂಡವಾಳವೂ ಕಡಿಮೆ. ಆದರೆ ತಿಂಗಳ ಬಾಡಿಗೆಯನ್ನು ಅರವತ್ತರಿಂದ ಗುಣಿಸಿ ಐದು ವರ್ಷದ ಮೊತ್ತವನ್ನು ಹೋಲಿಸಬೇಕು, ದತ್ತಾಂಶವನ್ನು ಹೊರಗೆ ತೆಗೆಯುವಾಗ ಬೇರೆ ಶುಲ್ಕವಿದೆಯೇ ಎಂದು ನೋಡಬೇಕು. ಮರಳಿ ತರಲು ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: 100 ಮೆಗಾಬಿಟ್ ಲೈನಿನಲ್ಲಿ 1 ಟಿಬಿ ಇಳಿಯಲು ಎಲ್ಲವೂ ಸರಿಯಿದ್ದರೂ 22 ಗಂಟೆ ಬೇಕು. ಆರ್‌ಟಿಒ ನಾಲ್ಕು ಗಂಟೆ ಎಂದು ಬರೆದುಕೊಂಡವರಿಗೆ ಕ್ಲೌಡಿನಲ್ಲಿರುವ ಬ್ಯಾಕಪ್ ಒಂದೇ ಸಾಲದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಊರ ಹೊರಗೆ ಎಂಬ ಪ್ರಸಿದ್ಧ ಸೂತ್ರದಲ್ಲಿ ಊರ ಹೊರಗಿನ ಆ ಒಂದು ಪ್ರತಿಗೆ ಕ್ಲೌಡ್ ತಕ್ಕದ್ದು. ಹತ್ತಿರದ ಪ್ರತಿ ಕಟ್ಟಡದಲ್ಲೇ ಇರಬೇಕು.

ತಂತ್ರಾಂಶವೇ ಬೇರೆಡೆ ಇದ್ದರೆ ಲೆಕ್ಕ ತಲೆಕೆಳಗಾಗುತ್ತದೆ. 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದ ಕಣಗಿನಹಾಳ ನಮ್ಮ ಗದಗ ತಾಲ್ಲೂಕಿನದೇ ಊರು. ಅಂಥ ಪ್ರಾಥಮಿಕ ಸಂಘಗಳು ಈಗ ಕೇಂದ್ರದ ಗಣಕೀಕರಣ ಯೋಜನೆಗೆ ಬರುತ್ತಿವೆ. 2022ರ ಜೂನ್‌ನಲ್ಲಿ ಒಪ್ಪಿಗೆ ಪಡೆದಾಗ 63,000 ಸಂಘಗಳ ಗುರಿ ಇದ್ದ ಆ ಯೋಜನೆಯು ಕ್ಲೌಡಿನಲ್ಲಿರುವ ಒಂದೇ ಸಾಮಾನ್ಯ ತಂತ್ರಾಂಶವನ್ನು ಕೊಡುವಂಥದ್ದು. ಅದಕ್ಕೆ ಸೇರಿದ ಸಂಘದವರು ಸರ್ವರಿಗೆಂದು ತೆಗೆದಿಟ್ಟ ಹಣವನ್ನು ಎರಡನೆಯ ಲೈನಿಗೂ ಬ್ಯಾಟರಿ ಬ್ಯಾಕಪ್ಪಿಗೂ ಹಾಕಿದರೆ ಹೆಚ್ಚು ಉಪಯೋಗವಾಗುತ್ತದೆ.

ಲೈನಿನ ಮಾತು

ಶಾಖೆಗಳನ್ನು ಊರೂರಿನಾಚೆ ಜೋಡಿಸುವ ಜಾಲಕ್ಕೆ ವ್ಯಾನ್ ಎನ್ನುತ್ತಾರೆ. ಇಲ್ಲಿ ಎಲ್ಲರೂ ಮೊದಲು ಕೇಳುವುದು ಎಷ್ಟು ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್) ಎಂದು. ಅದು ರಸ್ತೆಯ ಅಗಲ. ಬಂಡಿ ಹೋಗಿ ಮರಳಿ ಬರಲು ಹಿಡಿಯುವ ಹೊತ್ತು ಲೇಟೆನ್ಸಿ, ಆ ಹೊತ್ತಿನ ಏರುಪೇರು ಜಿಟರ್, ದಾರಿಯಲ್ಲಿ ಬಿದ್ದುಹೋದ ಮೂಟೆಗಳು ಪ್ಯಾಕೆಟ್ ಲಾಸ್. ಕೌಂಟರಿನ ಕೆಲಸಕ್ಕೆ ಅಗಲಕ್ಕಿಂತ ಈ ಹೊತ್ತೇ ಮುಖ್ಯ. ಹಳೆಯ ಮಾದರಿಯ ತಂತ್ರಾಂಶದಲ್ಲಿ ಒಂದು ಪುಟ ತೆರೆಯಲು ಸರ್ವರಿನೊಂದಿಗೆ 200 ಸಲ ಹೋಗಿ ಬರುವುದುಂಟು. ಒಂದೊಂದು ಸಲಕ್ಕೆ 40 ಮಿಲಿಸೆಕೆಂಡ್ ಆದರೆ ಎಂಟು ಸೆಕೆಂಡು ಕಾಯಬೇಕು, 8 ಮಿಲಿಸೆಕೆಂಡ್ ಆದರೆ ಎರಡು ಸೆಕೆಂಡಿನೊಳಗೆ ಪುಟ ಬರುತ್ತದೆ. ಲೈನನ್ನು 20ರಿಂದ 100 ಎಂಬಿಪಿಎಸ್‌ಗೆ ಏರಿಸಿದರೂ ಆ ಎಂಟು ಸೆಕೆಂಡು ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಗದಗಿಗೂ ಹುಬ್ಬಳ್ಳಿಗೂ ನಡುವೆ ಅರವತ್ತು ಕಿಲೋಮೀಟರ್ ಕೂಡ ಇಲ್ಲ. ಆದರೂ ಎರಡು ಕಡೆ ಬೇರೆ ಬೇರೆ ಕಂಪನಿಗಳ ಬ್ರಾಡ್‌ಬ್ಯಾಂಡ್ ಇದ್ದರೆ ಪ್ಯಾಕೆಟ್‌ಗಳು ಬೆಂಗಳೂರನ್ನೋ ಚೆನ್ನೈಯನ್ನೋ ಸುತ್ತಿ ಬರಬಹುದು. ಆದ್ದರಿಂದ ಸಾಧ್ಯವಿದ್ದಲ್ಲಿ ಪ್ರಧಾನ ಕಚೇರಿಗೂ ಶಾಖೆಗೂ ಒಂದು ಲೈನಾದರೂ ಒಂದೇ ಕಂಪನಿಯದಿರಲಿ.

ಬ್ರಾಡ್‌ಬ್ಯಾಂಡ್ ಎಂದರೆ ಹಲವರು ಹಂಚಿಕೊಳ್ಳುವ ಲೈನು. ಅಗ್ಗ, ರಿಪೇರಿಗೆ ಗಡುವಿಲ್ಲ. ಲೀಸ್ಡ್ ಲೈನ್ ಎಂದು ಈಗ ಕೊಡುವುದರಲ್ಲಿ ಹೆಚ್ಚಿನದು ಇಂಟರ್ನೆಟ್ ಲೀಸ್ಡ್ ಲೈನ್. ಅದರಲ್ಲಿ ಹೇಳಿದ ವೇಗ ಪೂರ್ತಿ ನಿಮ್ಮದೇ, ಏರುವೇಗವೂ (ಕಳಿಸುವ ವೇಗ) ಇಳಿವೇಗವೂ (ತರಿಸಿಕೊಳ್ಳುವ ವೇಗ) ಸಮ, ಇಂಟರ್ನೆಟ್ಟಿನಲ್ಲಿ ಬದಲಾಗದ ಸ್ಥಿರ ಐಪಿ ವಿಳಾಸವಿರುತ್ತದೆ, ಎಸ್‌ಎಲ್‌ಎ ಎಂಬ ಸೇವಾ ಒಪ್ಪಂದವಿರುತ್ತದೆ. ಬೆಲೆ ಬ್ರಾಡ್‌ಬ್ಯಾಂಡಿನ ಅನೇಕ ಪಟ್ಟು. ಎಂಪಿಎಲ್‌ಎಸ್ ಇಂಟರ್ನೆಟ್ಟಿಗೆ ಹೋಗದೆ, ಕಂಪನಿಯ ಸ್ವಂತ ಜಾಲದೊಳಗೆ ನಿಮ್ಮ ಶಾಖೆಗಳಿಗೆಂದೇ ಚೀಟಿ ಅಂಟಿಸಿ ಸಾಗಿಸುವ ದಾರಿ. ಯಾವ ಸಂಚಾರಕ್ಕೆ ಮೊದಲ ಮಣೆ ಎಂದು ಅಲ್ಲಿ ಗೊತ್ತುಪಡಿಸಬಹುದು, ಲೇಟೆನ್ಸಿಯೂ ಸ್ಥಿರವಾಗಿರುತ್ತದೆ. ಅದರಲ್ಲಿ ದತ್ತಾಂಶ ತಾನಾಗಿಯೇ ಗೂಢಲಿಪಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಅದು ಬೇರೆಯವರ ಸಂಚಾರದಿಂದ ಬೇರ್ಪಟ್ಟಿರುತ್ತದೆ ಅಷ್ಟೇ. ಸಾಮಾನ್ಯ ಇಂಟರ್ನೆಟ್ ಮೇಲೆ ಐಪಿಸೆಕ್ ವಿಪಿಎನ್ ಹಾಕಿದರೆ ಗೂಢಲಿಪಿ ಸಿಗುತ್ತದೆ, ಸ್ಥಿರ ವೇಗದ ಭರವಸೆ ಸಿಗುವುದಿಲ್ಲ.

ಎಸ್‌ಡಿ-ವ್ಯಾನ್ ಒಂದು ಲೈನಲ್ಲ, ಲೈನುಗಳ ಮೇಲೆ ಕೂತು ಮೇಲ್ವಿಚಾರಣೆ ಮಾಡುವ ಪೆಟ್ಟಿಗೆ. ಎರಡು ಮೂರು ಲೈನುಗಳ ಲೇಟೆನ್ಸಿ, ಜಿಟರ್, ಲಾಸ್‌ಗಳನ್ನು ಸತತವಾಗಿ ಅಳೆದು, ಕೌಂಟರಿನ ಕೆಲಸವನ್ನು ಆ ಕ್ಷಣಕ್ಕೆ ಚೆನ್ನಾಗಿರುವ ಲೈನಿಗೆ ಹಾಕುತ್ತದೆ, ಎಲ್ಲ ಶಾಖೆಗಳ ನಿಯಮಗಳನ್ನೂ ಒಂದೇ ಕಡೆಯಿಂದ ಬದಲಿಸಲು ಬಿಡುತ್ತದೆ. ಆದರೆ ಪೆಟ್ಟಿಗೆಗೆ ವರ್ಷ ವರ್ಷ ಲೈಸೆನ್ಸ್ ಶುಲ್ಕವಿರುವುದುಂಟು. ನವೀಕರಿಸದಿದ್ದರೆ ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ. ನಾಲ್ಕೈದು ಶಾಖೆಗಳಿದ್ದರೆ ಎರಡು ಲೈನು ಹಿಡಿಯುವ ಸಾಮಾನ್ಯ ಫೈರ್‌ವಾಲ್‌ನ (ಜಾಲದ ಕಾವಲು ಪೆಟ್ಟಿಗೆಯ) ವಿಪಿಎನ್ ಸಾಕು. ಹದಿನೈದು ಇಪ್ಪತ್ತು ಶಾಖೆಗಳಾದ ಮೇಲೆ ಎಸ್‌ಡಿ-ವ್ಯಾನ್‌ಗೆ ಕೊಟ್ಟ ಹಣ ಎಂಜಿನಿಯರನ ಓಡಾಟ ಉಳಿದು ಮರಳಿ ಬರುತ್ತದೆ.

ಎರಡು ಕಂಪನಿಗಳಿಂದ ಎರಡು ಲೈನು ತೆಗೆದುಕೊಂಡರೆ ಸುರಕ್ಷಿತ ಎಂದು ನಾನೂ ನಂಬಿದ್ದೆ. ಗದಗಿನ ಒಂದು ಶಾಖೆಯ ಮುಂದೆ ಚರಂಡಿಗೆ ಜೆಸಿಬಿ ಅಗೆದ ದಿನ ಎರಡೂ ಒಂದೇ ನಿಮಿಷದಲ್ಲಿ ಸತ್ತವು. ಹೋಗಿ ನೋಡಿದರೆ ಎರಡು ಕಂಪನಿಗಳ ಕೇಬಲ್‌ಗಳೂ ಒಂದೇ ಕಪ್ಪು ಕೊಳವೆಯಲ್ಲಿ ಜೋಡಿಯಾಗಿ ಬಂದಿದ್ದವು, ಕತ್ತರಿಸಿದ ತುದಿಗಳು ಮಣ್ಣಿನಿಂದ ಒಟ್ಟಿಗೇ ಇಣುಕುತ್ತಿದ್ದವು. ಅಂದಿನಿಂದ ಒಂದು ಲೈನು ನೆಲದಡಿಯ ಫೈಬರ್ ಆದರೆ ಇನ್ನೊಂದು ಗಾಳಿಯಲ್ಲಿ ಬರಲಿ ಎನ್ನುತ್ತೇನೆ. 4ಜಿ, 5ಜಿ ಸಿಮ್ ಹಾಕಿದ ರೌಟರ್ ಎಲ್ಲಕ್ಕಿಂತ ಸುಲಭ. ಸಿಮ್‌ಗೆ ಸಾಮಾನ್ಯವಾಗಿ ಹೊರಗಿನಿಂದ ತಲುಪಬಹುದಾದ ಸ್ವಂತ ಸಾರ್ವಜನಿಕ ಐಪಿ ಸಿಗದ ಕಾರಣ ವಿಪಿಎನ್ ಕರೆ ಶಾಖೆಯ ಕಡೆಯಿಂದಲೇ ಹೊರಡುವಂತೆ ಜೋಡಿಸಬೇಕು. ಒಂದೇ ಊರಿನ ಎರಡು ಕಟ್ಟಡಗಳ ತಾರಸಿಗಳಿಗೆ ಪರಸ್ಪರ ನೇರ ನೋಟವಿದ್ದರೆ 5 ಗಿಗಾಹರ್ಟ್ಸ್ ರೇಡಿಯೊ ಜೋಡಿ ಅಗ್ಗದ್ದು. ಭೂಸ್ಥಿರ ಉಪಗ್ರಹದ ವಿಸ್ಯಾಟ್ ಬೇರೇನೂ ತಲುಪದ ಜಾಗಕ್ಕೆ ಮಾತ್ರ, ಏಕೆಂದರೆ ಕೇಳಿಕೆಯೂ ಉತ್ತರವೂ 35,786 ಕಿಲೋಮೀಟರ್ ಎತ್ತರಕ್ಕೆ ಹೋಗಿ ಬರುವುದರಲ್ಲೇ ಸುಮಾರು ಅರ್ಧ ಸೆಕೆಂಡು ಕಳೆಯುತ್ತದೆ.

ಎಸ್‌ಎಲ್‌ಎಯ ಶೇಕಡಾವಾರನ್ನು ಗಂಟೆಗೆ ಇಳಿಸಿ ಓದಿದರೆ ಅದರ ಬೆಲೆ ತಿಳಿಯುತ್ತದೆ. ತಿಂಗಳಿಗೆ 99 ಎಂದರೆ ಏಳು ಗಂಟೆಗೂ ಹೆಚ್ಚು ಲೈನು ಇಲ್ಲದಿದ್ದರೂ ಕಂಪನಿ ಮಾತು ತಪ್ಪಿದಂತಲ್ಲ, 99.5 ಎಂದರೆ ಮೂರೂವರೆ ಗಂಟೆ, 99.9 ಎಂದರೆ 43 ನಿಮಿಷ. ತಪ್ಪಿದಾಗ ಸಿಗುವ ಪರಿಹಾರ ಬಾಡಿಗೆಯಲ್ಲಿ ಒಂದಷ್ಟು ಕಡಿತವೇ ಹೊರತು ಆ ದಿನ ನಿಂತ ವ್ಯಾಪಾರದ ನಷ್ಟವಲ್ಲ.

ಯಾರಿಗೆ ಯಾವುದು

ಒಂದೇ ಕಡೆ ಅಂಗಡಿ ಇರುವ ದಲಾಲರಿಗೆ ಎಸ್‌ಎಸ್‌ಡಿ ಜೋಡಿಯ ಒಂದು ಸಣ್ಣ ಸರ್ವರ್, ಎರಡು ಡಿಸ್ಕಿನ ನ್ಯಾಸ್ ಮೇಲೆ ಪ್ರತಿರಾತ್ರಿ ಬ್ಯಾಕಪ್, ಬ್ರಾಡ್‌ಬ್ಯಾಂಡ್ ಜೊತೆಗೆ ಒಂದು ಸಿಮ್ ಸಾಕು. ಧೂಳಿನಿಂದ ದೂರದ, ಬಾಗಿಲು ಮುಚ್ಚುವ ಕೋಣೆಗೆ ಹಣ ಹಾಕುವುದು ದೊಡ್ಡ ಸರ್ವರಿಗೆ ಹಾಕುವುದಕ್ಕಿಂತ ಮೇಲು.

ಹಗಲಿರುಳು ನಡೆಯುವ ಆಸ್ಪತ್ರೆಯ ಲೆಕ್ಕ ಬೇರೆ. ಅಲ್ಲಿ ರೋಗಿಯ ದಾಖಲೆ, ಪ್ರಯೋಗಾಲಯ, ಔಷಧಾಲಯ, ಬಿಲ್ಲು ಎಲ್ಲವೂ ಒಂದಕ್ಕೊಂದು ತೊಡಕಿಕೊಂಡಿರುತ್ತವೆ. ಎರಡು ಕಂಟ್ರೋಲರ್‌ಗಳ ಐಸ್ಕಜಿ ಸ್ಯಾನ್ ಮತ್ತು ಮೂರು ಸರ್ವರ್‌ಗಳು ಅಲ್ಲಿ ದುಂದಲ್ಲ. ಚಿತ್ರಗಳಿಗೆ ಬೇರೆ ನ್ಯಾಸ್ ಇರಲಿ. 500 ಎಂಬಿಯ ಒಂದು ಸಿಟಿ ಪರೀಕ್ಷೆಯನ್ನು ಬೇರೆ ಊರಿನ ತಜ್ಞರಿಗೆ ಕಳಿಸಲು 20 ಎಂಬಿಪಿಎಸ್ ಏರುವೇಗದಲ್ಲಿ ಮೂರು ನಿಮಿಷ ಇಪ್ಪತ್ತು ಸೆಕೆಂಡು ಬೇಕು, 100ರಲ್ಲಿ ನಲವತ್ತು ಸೆಕೆಂಡು. ಪಾರ್ಶ್ವವಾಯು ಬಡಿದು ಬಂದ ರೋಗಿಯ ಮಟ್ಟಿಗೆ ಆ ಅಂತರ ಸಣ್ಣದಲ್ಲ, ಆದ್ದರಿಂದ ಏರುವೇಗ ಸಮವಾಗಿರುವ ಲೀಸ್ಡ್ ಲೈನ್ ಅಲ್ಲಿ ಬೇಕೇ ಬೇಕು.

ಕಾಲೇಜಿಗೆ ಸಂಗ್ರಹಕ್ಕಿಂತ ಅಗಲವಾದ ಲೈನು ಮುಖ್ಯ. ದೊಡ್ಡ ನ್ಯಾಸ್ ಒಂದು, ಪರೀಕ್ಷೆ ಮತ್ತು ಶುಲ್ಕದ ಡೇಟಾಬೇಸಿಗೆ ಬೇರೆ ಸರ್ವರ್ ಒಂದು ಇದ್ದರೆ ಕೆಲಸ ನಡೆಯುತ್ತದೆ.

ಮೊದಲಿಗೆ ಹೇಳಿದ ಪತ್ತಿನ ಸಂಘದವರು ಕಮಿಟಿಯಲ್ಲಿ ಕೂತು ತಮ್ಮ ಎರಡು ಸಂಖ್ಯೆಗಳನ್ನು ಬರೆದುಕೊಂಡರು: ಅರ್ಧ ದಿನದ ನಮೂದು ಹೋದರೆ ತುಂಬಿಕೊಳ್ಳುತ್ತೇವೆ, ಕೆಲಸ ಮಾತ್ರ ನಾಲ್ಕು ಗಂಟೆಯೊಳಗೆ ಶುರುವಾಗಬೇಕು. ಅದನ್ನು ಇಟ್ಟುಕೊಂಡು ನೋಡಿದಾಗ ಸ್ಯಾನ್ ತಾನಾಗಿಯೇ ಪಟ್ಟಿಯಿಂದ ಬಿದ್ದಿತು. ಒಳಗೇ ಡಿಸ್ಕ್ ಇರುವ ಎರಡು ಒಂದೇ ಬಗೆಯ ಸರ್ವರ್‌ಗಳನ್ನು ತೆಗೆದುಕೊಂಡು ಒಂದನ್ನು ಹುಬ್ಬಳ್ಳಿಯಲ್ಲೂ ಇನ್ನೊಂದನ್ನು ಧಾರವಾಡದ ಶಾಖೆಯಲ್ಲೂ ಇಡುವುದು, ಹದಿನೈದು ನಿಮಿಷಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ನಕಲು ಹೋಗುವುದು, ರಾತ್ರಿಯ ಬ್ಯಾಕಪ್ ನ್ಯಾಸ್ ಮತ್ತು ಕ್ಲೌಡ್ ಎರಡಕ್ಕೂ ಬೀಳುವುದು ಎಂದಾಯಿತು. ಹುಬ್ಬಳ್ಳಿಗೆ ಒಂದು ಲೀಸ್ಡ್ ಲೈನ್, ಶಾಖೆಗಳಿಗೆ ಬ್ರಾಡ್‌ಬ್ಯಾಂಡ್ ಮತ್ತು ಸಿಮ್, ಎಲ್ಲದರ ಮೇಲೆ ಐಪಿಸೆಕ್ ವಿಪಿಎನ್. ಮೊತ್ತ ನಾಲ್ಕು ಕೊಟೇಶನ್‌ಗಳಲ್ಲಿ ಎರಡನೆಯ ಅಗ್ಗದ್ದರ ಹತ್ತಿರ ಬಂದು ನಿಂತಿತು. ಪ್ರತಿ ತಿಂಗಳ ಎರಡನೆಯ ಶನಿವಾರ ಹುಬ್ಬಳ್ಳಿಯ ಸರ್ವರನ್ನು ಬೇಕೆಂದೇ ಬಂದ್ ಮಾಡಿ, ಧಾರವಾಡದ ಸರ್ವರಿನಿಂದ ಎಲ್ಲ ಶಾಖೆಗಳ ಖಾತೆ ತೆರೆದು ನೋಡಬೇಕೆಂದು ಠರಾವಿನಲ್ಲಿಯೇ ಬರೆಸಿದ್ದಾರೆ.